ಡ್ರಮ್ ಇಲ್ಲದ ಹಾಡು

ನಮ್ಮಕ್ಕ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಾಳೆ. ಫ್ರೇಮಿನ ಅಳತೆಗೆ ಗಾಜಿನ ಅಂಚು ಸವೆಸಿ ಕೂರಿಸುವುದು ಅವಳ ಕೆಲಸ. ಸಂಜೆಯಾದರೆ ಡ್ರಮ್ ಬಾರಿಸುತ್ತಾಳೆ. ಐವತ್ತರ ಹತ್ತಿರ ಬಂದ ಹೆಂಗಸಿಗೆ ರಾಕ್ ಬ್ಯಾಂಡು ಯಾಕೆ ಎಂದು ನೆಂಟರು ಮುಸಿಮುಸಿ ನಗುತ್ತಾರೆ. ನಗಲಿ. ಅವರಿಗೆ ನೆಟ್ಟಗೆ ಚಪ್ಪಾಳೆ ತಟ್ಟಲೂ ಬರುವುದಿಲ್ಲ.

ಬ್ಯಾಂಡಿನಲ್ಲಿ ನಾಲ್ವರೂ ಹೆಂಗಸರೇ. ಕಾರ್ಯಕ್ರಮ ಮುಗಿದರೆ ಉಳಿದವರು ಗಿಟಾರು ಹೆಗಲಿಗೇರಿಸಿ ಊಟಕ್ಕೆ ಹೊರಡುತ್ತಾರೆ. ಇವಳು ಒಬ್ಬಳೇ ಕೂತು ಡ್ರಮ್ ಸ್ಟ್ಯಾಂಡುಗಳ ಸ್ಕ್ರೂ ಬಿಚ್ಚುತ್ತಿರುತ್ತಾಳೆ. ವರ್ಷಗಟ್ಟಲೆ ಗ್ಯಾರೇಜೊಂದರಲ್ಲಿ ನುಡಿಸಿ, ಅಕ್ಕಪಕ್ಕದವರಿಂದ ಬೈಸಿಕೊಂಡು, ಕೊನೆಗೂ ಮೊದಲ ಆಲ್ಬಮ್ ಮಾಡಲು ಹೊರಟರು. ಅದರಲ್ಲಿ ಒಂದು ಹಾಡು ಅಕ್ಕ ಬರೆದದ್ದು. ಅಮ್ಮ ಹೋದಮೇಲೆ ತಾನೊಬ್ಬಳೇ ಉಳಿದ ಮನೆಯ ಹಾಡು. ಜೀವಮಾನದಲ್ಲಿ ಅವಳು ಬರೆದದ್ದು ಅದೊಂದೇ.

"ಇದೊಂದು ಚೆನ್ನಾಗಿ ಬಂದ್ಬಿಟ್ರೆ ಸಾಕು ಕಣೆ," ಎನ್ನುತ್ತಿದ್ದಳು.

ರೆಕಾರ್ಡಿಂಗಿನಲ್ಲಿ ನಾಲ್ವರೂ ಒಟ್ಟಿಗೆ ಕೂತು ನುಡಿಸುತ್ತಾರೆ ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಡ್ರಮ್ ಮೊದಲು. ಅವಳನ್ನು ಒಂದು ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಟಿಕ್ ಟಿಕ್ ಎನ್ನುವ ಯಂತ್ರದ ಸದ್ದಿಗೆ ಎಲ್ಲ ಹಾಡುಗಳನ್ನೂ ಬಾರಿಸಲು ಹೇಳಿದರು. ಆಮೇಲೆ ಉಳಿದವರು ಅದರ ಮೇಲೆ ವಾರಗಟ್ಟಲೆ ಗಿಟಾರು, ದನಿ ಸೇರಿಸುತ್ತ ಹೋದರು. ಅಕ್ಕನ ಪಾಲಿನ ಕೆಲಸ ಮುಗಿದಿತ್ತು. ಆದರೂ ದಿನಾ ಅಂಗಡಿಯಿಂದ ನೇರ ಸ್ಟುಡಿಯೋಗೆ ಹೋಗಿ ಹೊರಗಿನ ಸೋಫಾದಲ್ಲಿ ಕೂರುತ್ತಿದ್ದಳು. ಬಾಗಿಲು ತೆರೆದಾಗೊಮ್ಮೆ ಒಳಗಿನ ನಗು ಕೇಳಿಸುತ್ತಿತ್ತು. ಏನಕ್ಕೆ ನಕ್ಕರೆಂದು ತಿಳಿಯುವಷ್ಟರಲ್ಲಿ ಬಾಗಿಲು ಮುಚ್ಚುತ್ತಿತ್ತು.

"ನಿಂಗೇನು ಅಲ್ಲಿ ಕೆಲ್ಸ?" ಎಂದು ನಾನು ರೇಗಿದೆ.

"ಮನೇಲಿದ್ರೂ ಒಬ್ಬಳೇ ತಾನೇ," ಎಂದಳು.

ಒಂದು ಸಂಜೆ ಅವಳನ್ನು ಒಳಗೆ ಕರೆದರು. ನಾನೂ ಜೊತೆಗಿದ್ದೆ. ರೆಕಾರ್ಡಿಂಗ್ ಮಾಡುವವನು ಅಕ್ಕನ ಹಾಡು ಕೇಳಿಸಿದ. ಮುಗಿದ ಮೇಲೆ ಡ್ರಮ್ಮಿನ ಸದ್ದನ್ನಷ್ಟೇ ತೆಗೆದು ಮತ್ತೆ ಕೇಳಿಸಿದ. ಹಾಡುವವಳ ದನಿ, ಒಂದು ಗಿಟಾರು, ಅಷ್ಟೇ.

"ನಿನ್ನ ಹಾಡು ಕಣೆ. ನೀನು ಹೇಗೆ ಅಂತೀಯೋ ಹಾಗೆ," ಎಂದಳು ಹಾಡುವವಳು, ನೆಲ ನೋಡುತ್ತ.

ನನಗೆ ಮೈಯೆಲ್ಲ ಉರಿಯಿತು. ಬರೆದವಳನ್ನೇ ಅವಳ ಹಾಡಿನಿಂದ ಹೊರಗೆ ಹಾಕುವುದೆಂದರೇನು? ಆದರೆ ಸುಳ್ಳೇಕೆ ಹೇಳಲಿ, ಮೊದಲ ಸಲ ಸುಮ್ಮನೆ ಕೇಳಿದ್ದ ನನಗೆ ಎರಡನೆಯ ಸಲ ಕಣ್ಣು ತುಂಬಿತ್ತು. ಅಕ್ಕ ನನ್ನ ಮುಖ ನೋಡಿದಳು.

"ಡ್ರಮ್ ತೆಗ್ದುಬಿಡಿ," ಎಂದಳು. "ಆ ಮನೇಲಿ ಅಷ್ಟೊಂದು ಸದ್ದು ಎಲ್ಲಿತ್ತು?"

ಬಸ್ಸಿನಲ್ಲಿ ನಾನು ದಾರಿಯುದ್ದಕ್ಕೂ ಅವರನ್ನೆಲ್ಲ ಬೈದೆ. ಅವಳು ಕಿಟಕಿಯಾಚೆ ನೋಡುತ್ತಲೇ ಇದ್ದಳು.

"ಸುಮ್ನಿರೇ. ನಂಗೂ ಗೊತ್ತಾಯ್ತು, ಅದೇ ಚೆನ್ನಾಗಿತ್ತು. ಅದಕ್ಕೇ ಸಂಕಟ," ಎಂದಳು.

ಆಲ್ಬಮ್ ಬಿಡುಗಡೆಯ ದಿನ ಸಣ್ಣ ಸಭಾಂಗಣ ಕಿಕ್ಕಿರಿದಿತ್ತು. ಅಕ್ಕ ಮೈಮರೆತು ಬಾರಿಸಿದಳು. ಆ ಹಾಡಿನ ಸರದಿ ಬಂದಾಗ ಎದ್ದು, ವೇದಿಕೆಯ ಪಕ್ಕದ ಕತ್ತಲಲ್ಲಿ ನನ್ನ ಹತ್ತಿರ ಬಂದು ನಿಂತು, ಟವೆಲಿನಲ್ಲಿ ಕತ್ತು ಒರೆಸಿಕೊಂಡಳು. ಇಷ್ಟು ವರ್ಷ ಯಾವ ಹಾಡಾದರೂ ಶುರುವಾಗುತ್ತಿದ್ದದ್ದು ಅವಳು ಕೋಲಿಗೆ ಕೋಲು ತಟ್ಟಿ ಎಣಿಸಿದ ಮೇಲೆಯೇ. ಹಾಡುವವಳು ಅಭ್ಯಾಸಬಲದಿಂದ ಹಿಂದೆ ತಿರುಗಿದಳು. ಸ್ಟೂಲು ಖಾಲಿ. ಒಂದು ಗಳಿಗೆ ಗಲಿಬಿಲಿಗೊಂಡು ನಿಂತಳು. ಶುರು ಮಾಡು ಎಂದು ಅಕ್ಕ ಕೈ ಎತ್ತಿದಳು. ಬೆಳಕಿನಲ್ಲಿ ನಿಂತವಳಿಗೆ ಅದು ಕಾಣಲಿಲ್ಲ. ಅವಳು ಜನರ ಕಡೆ ತಿರುಗಿ, ಉಸಿರೆಳೆದುಕೊಂಡು, ತಾನೇ ಹಾಡತೊಡಗಿದಳು.

"ಶುರುವಾಗೇಬಿಡ್ತಲ್ಲೇ," ಎಂದಳು ಅಕ್ಕ.

ಎತ್ತಿದ ಕೈ ಹಾಗೇ ಇತ್ತು. ನಾನೇ ಅದನ್ನು ಹಿಡಿದು ಕೆಳಗಿಳಿಸಿದೆ. ಹಾಡು ಮುಗಿಯುವವರೆಗೂ ಅವಳ ಬೆರಳು ನನ್ನ ಅಂಗೈಯಲ್ಲಿ ಮೆಲ್ಲಗೆ ತಾಳ ಹಾಕುತ್ತಿತ್ತು.