ಸೆರಗಿಗೆ ಪಿನ್ನು ಚುಚ್ಚುವ ಜಾಗ

ಮೊನ್ನೆ ಹೊನ್ನಾಳಿಯಲ್ಲಿ ಒಂದು ಡಜನ್ ಹೇರ್‌ಪಿನ್ನಿಗೆ ಮೂವತ್ತು ರೂಪಾಯಿ ಕೊಟ್ಟೆ. ಇಪ್ಪತ್ತಕ್ಕೂ ಇದ್ದವು, ಆದರೆ ಅವುಗಳ ತುದಿಗೆ ನುಣುಪಾದ ಗುಂಡು ಇರಲಿಲ್ಲ. ಪೈಸೆ ಪೈಸೆಗೂ ಜಗ್ಗಾಡುವ ನಾನು ಚೌಕಾಸಿ ಮಾಡದೆ ಕೊಟ್ಟಿದ್ದು ನೋಡಿ ಅಂಗಡಿಯವನಿಗೇ ಅನುಮಾನ ಬಂತು. ಕಾರಣ ಹೇಳುತ್ತೇನೆ, ಕೇಳಿ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬಳೆ, ರಿಬ್ಬನ್ನು, ಪಿನ್ನುಗಳ ಬುಟ್ಟಿ ಹೊತ್ತು ನ್ಯಾಮತಿ ಕಡೆಯ ಊರೂರು ತಿರುಗುತ್ತಿದ್ದೆ. ಸವಳಂಗದ ಒಂದು ಮನೆಯ ಹೊಸ ಸೊಸೆ ಗೌರಮ್ಮ ನನ್ನ ಖಾಯಂ ಗಿರಾಕಿ. ಆ ಮನೆಯಲ್ಲಿ ಹೆಂಗಸರು ಸ್ನಾನ ಮುಗಿಸಿ, ತಲೆ ಮೇಲೆ ಸೆರಗು ಹೊದ್ದೇ ಲಿಂಗಪೂಜೆಗೆ ಕೂರಬೇಕು. ಸೆರಗು ಮೊದಲೇ ತಲೆ ಮೇಲೆ ನಿಲ್ಲುವ ಜಾತಿಯದಲ್ಲ, ಆಗ ಬಂದ ನೈಲಾನ್ ಸೀರೆಯದಂತೂ ಇಲ್ಲವೇ ಇಲ್ಲ. ಹಾಗಾಗಿ ಒದ್ದೆ ಕೂದಲನ್ನೇ ಬಿಗಿದು ಕಟ್ಟಿ, ಬೈತಲೆಯ ಎರಡು ಬದಿಗೂ ಸೆರಗನ್ನು ಕೂದಲಿಗೆ ಸೇರಿಸಿ ಒಂದೊಂದು ಪಿನ್ನು. ದಿನಾ ಅದೇ ಜಾಗ. ತೆಗೆಯುವುದು ಮಲಗುವಾಗಲೇ.

ಒಂದು ದಿನ ಹೋದರೆ ಗೌರಮ್ಮ ಅಳುತ್ತ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು. ಸೆರಗಿಲ್ಲದ ತಲೆಯಲ್ಲಿ, ಪಿನ್ನಿನ ಜಾಗದಲ್ಲಿ ನಾಲ್ಕಾಣೆಯಗಲ ಬೋಳು. ಅತ್ತೆ ಬಸಮ್ಮನವರು ಕಂಬಕ್ಕೆ ಒರಗಿದ್ದರು.

"ಏನೋ ರೋಗ ಐತೆ. ಮುಚ್ಚಿಟ್ಟು ಮದುವಿ ಮಾಡ್ಯಾರೆ. ಜಗಳೂರಿಗೆ ಕಳಿಸ್ತೀನಿ, ಅವರಪ್ಪನೇ ವಾಸಿ ಮಾಡಿಸ್ಲಿ."

"ವಾಸಿ ಆಗದಿದ್ರೆ?" ಅಂದೆ ನಾನು.

"ಅಲ್ಲೇ ಇರ್ಲಿ."

ಗುಂಡಿಲ್ಲದ ಆ ಪಿನ್ನುಗಳನ್ನು ಅಗ್ಗಕ್ಕೆ ಸಿಕ್ಕವೆಂದು ಜಂಬದಿಂದ ತಂದು ಮಾರಿದವಳು ನಾನೇ. ಬಾಯಿಬಿಟ್ಟರೆ ಗಿರಾಕಿ ಹೋಗುತ್ತಾಳೆ. ಸುಮ್ಮನಿದ್ದರೆ ಅವಳ ಸಂಸಾರವೇ ಹೋಗುತ್ತದೆ.

"ಅಮ್ಮಾರೆ, ರೋಗ ಅಲ್ರೀ, ನನ್ನ ಪಿನ್ನು. ತುದಿಗೆ ಗುಂಡಿಲ್ಲ, ಒದ್ದೆ ಕೂದಲು ಜಗ್ಗಿ ಜಗ್ಗಿ ಬುಡ ಕಿತ್ತೈತೆ."

"ಮೂವತ್ತು ವರ್ಸದಿಂದ ನಾನೂ ಪಿನ್ನು ಹಾಕ್ತೀನಿ. ನನಗೇನಾಗೈತೆ?"

"ಸೆರಗು ಒಂಚೂರು ಸರಿಸ್ರಿ, ನೋಡಾನ."

"ಏ ಬಳೆಗಾರ್ತಿ, ಮಾರಾಕೆ ಬಂದೋಳು ನನ್ನ ಸೆರಗು ತೆಗಿ ಅಂತೀಯಾ?"

"ನಿಮ್ಮ ಮದುವಿ ಬಳೆ ತೊಡಿಸಿದೋಳು ನಮ್ಮವ್ವ. ನನ್ನ ಮುಂದೆ ಎಂಥ ನಾಚ್ಕಿ?"

ಬಸಮ್ಮನವರು ಪಿನ್ನು ಕಿತ್ತು ಸೆರಗು ಸರಿಸಿದರು. ಅದೇ ಜಾಗ; ರೂಪಾಯಿಯಗಲ, ನುಣ್ಣಗೆ. ವಯಸ್ಸಿಗೆ ಕೂದಲು ಉದುರಿತೆಂದೇ ಅವರು ತಿಳಿದಿದ್ದರು. ಸೊಸೆ ಅಳು ನಿಲ್ಲಿಸಿ ನೋಡಿದಳು. ಅತ್ತೆ ಆ ಜಾಗವನ್ನು ಬೆರಳಿನಿಂದ ಸವರಿಕೊಂಡು ಅಂದರು: "ಟ್ರಂಕು ಒಳಗಿಡೇ. ಕೊಬ್ಬರಿ ಎಣ್ಣಿ ತಗಂಬಾ, ಇಬ್ಬರಿಗೂ."

ವರ್ಷದೊಳಗೆ ಗೌರಮ್ಮನ ಕೂದಲು ಬಂತು. ಬಸಮ್ಮನವರದು ಬರಲಿಲ್ಲ, ತಡವಾಗಿತ್ತು.

ಸೆರಗೋ ದುಪಟ್ಟಾವೋ ಬುರ್ಖಾವೋ, ಅದು ನಿಮ್ಮ ನಂಬಿಕೆ, ನಾನು ಮಾತಾಡುವುದಿಲ್ಲ. ಕೂದಲು ಒಣಗಿದ ಮೇಲೆ ಹೊದೆಯಿರಿ. ಪಿನ್ನಿನ ಜಾಗ ದಿನವೂ ಬದಲಿಸಿ. ತಿಂಗಳಿಗೊಮ್ಮೆ ಮನೆಯ ಹೆಂಗಸರೆಲ್ಲ ಒಬ್ಬರ ತಲೆ ಒಬ್ಬರು ನೋಡಿ. ಮೊದಲು ಅತ್ತೆಯದು.