ಮೊಗಾಮಿಯವರ ವಾಲಿದ ಠಸ್ಸೆ

ಜಪಾನಿನ ನಗೋಯಾದ ನಮ್ಮ ಕಚೇರಿಯಲ್ಲಿ ಲಿಫ್ಟ್ ನಡೆಸುವ ಸಾಫ್ಟ್‌ವೇರನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವವರು ಮೊಗಾಮಿಯವರು. ಸಹಿಯ ಬದಲು ಅವರು ಒತ್ತುವ, ಅವರ ಹೆಸರಿನ ಕೆಂಪು ಠಸ್ಸೆ ಯಾವ ಕಾಗದದ ಮೇಲಾದರೂ ನೆಟ್ಟಗೆ ನಿಂತದ್ದನ್ನು ಹದಿನಾಲ್ಕು ವರ್ಷಗಳಲ್ಲಿ ನಾನು ಕಂಡಿಲ್ಲ. ಆಮೇಲೆ ಎಡಗಡೆ ನಿರ್ದೇಶಕರು ಒತ್ತಲಿರುವ ಠಸ್ಸೆಗೆ ನಮಸ್ಕರಿಸುವಂತೆ ಅತ್ತ ವಾಲಿಯೇ ಇರುತ್ತದೆ, ನಿರ್ದೇಶಕರು ಸಿಡುಕಿದ ವಾರ ಇನ್ನಷ್ಟು ವಾಲುತ್ತದೆ. ಫೋನಿನಲ್ಲಿ ಮಾತಾಡುವಾಗಲೂ ಗೋಡೆಗೆ ನಡುಬಗ್ಗಿಸುವ ಮನುಷ್ಯ. ವರ್ಷಕ್ಕೊಮ್ಮೆ ನಮಗೆಲ್ಲ ವೃತ್ತಿಧರ್ಮದ ಪಾಠ ಹೇಳುವವರೂ ಇವರೇ. ಹೋದ ತಿಂಗಳು, ಹೊಸದಾಗಿ ಸೇರಿದ ಚಿನಾತ್ಸು, "ಸಾರ್, ಬಾಗಿಲು ಮುಚ್ಚೋ ಮುಂಚೆನೇ ಲಿಫ್ಟು ಒಂದೊಂದ್ಸಲ ಹೊರಟುಬಿಡುತ್ತೆ, ಇದನ್ನ ಹೇಗೆ ಒಪ್ಪೋದು?" ಎಂದಳು. "ಒಂದೊಂದ್ಸಲ ತಾನೇ ಕಣಮ್ಮ? ಮುಂದಿನ ಸಲ ಸರಿ ಮಾಡೋಣ. ದೊಡ್ಡೋರಿಗೆ ಅವಸರ ಇದೆ" ಎಂದು ಇವರು ಠಸ್ಸೆಗೆ ಬಾಯಿಂದ ಬಿಸಿಯುಸಿರು ಬಿಟ್ಟು ಒತ್ತಿಯೇಬಿಟ್ಟರು. ಆ ಸಾಫ್ಟ್‌ವೇರು ಮೊದಲು ಬಂದದ್ದು ನಮ್ಮದೇ ಕಟ್ಟಡದ ಲಿಫ್ಟಿಗೆ. ಅಂದಿನಿಂದ ಮೊಗಾಮಿಯವರು ಏಳನೆಯ ಮಹಡಿಗೆ ಮೆಟ್ಟಿಲು ಹತ್ತಿಕೊಂಡೇ ಬರುತ್ತಾರೆ, ಕೇಳಿದರೆ "ಡಾಕ್ಟ್ರು ಹೇಳಿದಾರೆ" ಎನ್ನುತ್ತಾರೆ. ನಿನ್ನೆ ಹೆರಿಗೆ ರಜೆಯಲ್ಲಿರುವ ಸಹೋದ್ಯೋಗಿಯೊಬ್ಬಳು ನಮಗೆಲ್ಲ ಮಗು ತೋರಿಸಲೆಂದು ಬಂದು, ಮಗುವಿನ ತಳ್ಳುಗಾಡಿಯನ್ನು ಲಿಫ್ಟಿನ ಮುಂದೆ ನಿಲ್ಲಿಸಿ ಗುಂಡಿ ಒತ್ತಿದಳಂತೆ. ಇವರು ಎಲ್ಲಿದ್ದರೋ ಓಡಿಬಂದು, "ಬೇಡಮ್ಮ, ಕೊಡು ಇಲ್ಲಿ" ಎಂದು ಮಗುವಿದ್ದ ಗಾಡಿಯನ್ನೇ ಎದೆಗವಚಿಕೊಂಡು ಏಳು ಮಹಡಿ ಹತ್ತಿಸಿದರು. ಆಮೇಲೆ ಬೆವರೊರೆಸಿಕೊಂಡು ಮೇಜಿನ ಮುಂದೆ ಕೂತರು. ಅದೇ ಸಾಫ್ಟ್‌ವೇರನ್ನು ಮಕ್ಕಳ ಆಸ್ಪತ್ರೆಯೊಂದರ ಲಿಫ್ಟುಗಳಿಗೆ ಹಾಕುವ ಕಾಗದ ಅಲ್ಲಿ ಕಾದಿತ್ತು. ಇನ್ನೂ ಆರದ ಏದುಸಿರನ್ನೇ ಠಸ್ಸೆಗೆ ಬಿಟ್ಟು ಒತ್ತಿದರು. ಅದು ಎಡಕ್ಕೆ ಎಷ್ಟು ವಾಲಬೇಕೋ ಅಷ್ಟೇ ವಾಲಿತು.