ಸಾಯಬೇಕಾಗಿದ್ದ ವೈಜಯಂತಿ

ಕಾರವಾರದ ಹತ್ತಿರದ ಚೆಂಡಿಯಾ ಎಂಬ ಊರಿನ ವೈಜಯಂತಿ ಬಹಳ ದಿನ ಬದುಕುವುದಿಲ್ಲ ಎಂದು ಅವಳ ಮನೆಯವರು ತೀರ್ಮಾನಿಸಿದಾಗ ಅವಳಿಗೆ ಏಳು ವರ್ಷ. ಶಾಲೆಗೆ ಬಂದ ಡಾಕ್ಟರು ಎದೆಯಲ್ಲಿ ಏನೋ ಸದ್ದು ಕೇಳುತ್ತಿದೆ, ದೊಡ್ಡ ಆಸ್ಪತ್ರೆಗೆ ತೋರಿಸಿ ಎಂದರು. ತೋರಿಸಿದರು. ಹೃದಯದ ಒಂದು ಕವಾಟಕ್ಕೆ ಮೂರು ಎಸಳಿರಬೇಕಾದಲ್ಲಿ ಹುಟ್ಟಿನಿಂದ ಎರಡೇ ಇವೆ, ಈಗೇನೂ ತೊಂದರೆಯಿಲ್ಲ, ಆದರೆ ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕು, ದೊಡ್ಡವಳಾದ ಮೇಲೆ ಆಪರೇಶನ್ ಬೇಕಾಗಬಹುದು ಎಂದು ಅಲ್ಲಿ ಹೇಳಿದರು. ಅವಳನ್ನು ಹೆತ್ತ ಆಯಿ ಗಂಗೂ ಕೇಳಿಸಿಕೊಂಡದ್ದು ಹೃದಯ, ಆಪರೇಶನ್ ಎಂಬ ಎರಡು ಮಾತು ಮಾತ್ರ. ಬಸ್ಸು ಊರು ಮುಟ್ಟುವಷ್ಟರಲ್ಲಿ ಅದು 'ಹುಡ್ಗಿ ಉಳಿಯೂದಿಲ್ಲ' ಎಂದಾಗಿತ್ತು. ಮತ್ತೆ ಯಾರೂ ಅವಳನ್ನು ಆಸ್ಪತ್ರೆಗೆ ಕರೆದೊಯ್ಯಲಿಲ್ಲ.

ನೌಕಾನೆಲೆಗೆ ಜಾಗ ಹೋಗಿ ಮನೆ ಚೆಂಡಿಯಾದಲ್ಲೇ ಇದ್ದ ಪುನರ್ವಸತಿ ಕಾಲೊನಿಗೆ ಬಂದಾಗ ಅವಳ ಶಾಲೆಯೂ ನಿಂತಿತು. ಸಾಯುವವಳಿಗೆ ಓದು ಯಾಕೆ? ಇಪ್ಪತ್ತು ತುಂಬಿದಾಗ ಬೇಲೇಕೇರಿಯಿಂದ ಒಂದು ಸಂಬಂಧ ಬಂತು. ಹುಡುಗನ ಕಡೆಯವರು ಅವಲಕ್ಕಿ ತಿಂದು ಮುಗಿಸುವ ಮೊದಲೇ ಆಯಿ, "ನಮ್ಮ ಹುಡ್ಗಿ ಎದೆ ಸಮಾ ಇಲ್ಲ, ಆಮೇಲೆ ನೀವು ನಮ್ಗೆ ದೂರೂಕಾಗ" ಎಂದುಬಿಟ್ಟಳು. ಒಳಗೆ ಸೀರೆ ಉಟ್ಟು ನಿಂತಿದ್ದ ವೈಜಯಂತಿ ಹಿತ್ತಲಿಗೆ ಹೋಗಿ ಸೀರೆ ಬಿಚ್ಚಿ ಎಸೆದಳು.

ಮದುವೆಗೆ ಆಗದ ಎದೆ ದುಡಿಮೆಗೆ ಆಗುತ್ತಿತ್ತು. ಅವಳ ಅಣ್ಣ, ದಾದಾ ಮಾಬ್ಲೇಶ್ವರ ದೋಣಿಯಿಂದ ತಂದ ಮೀನನ್ನು ಆರಿಸುವವಳು ಅವಳು, ಕೊಯ್ಯುವವಳು ಅವಳು, ಉಪ್ಪು ಹಚ್ಚಿ ಒಣಗಿಸುವವಳು ಅವಳು. ಅವನ ಹೆಂಡತಿಯಾಗಿ ವೈನಿ ಪೂರ್ಣಿಮಾ ಬಂದ ಮೇಲೆ ಅವಳ ಬಾಣಂತನ, ಮಕ್ಕಳ ಬಟ್ಟೆಯೂ ಸೇರಿಕೊಂಡವು. ವೈಜಯಂತಿಯ ಬಾಯಿ ಚೂಪಾಗುತ್ತ ಹೋಯಿತು. ಕಾಲೊನಿಯಲ್ಲಿ ಅವಳೊಡನೆ ಜಗಳವಾಡದವರಿರಲಿಲ್ಲ.

ಮೂವತ್ತೆಂಟರ ಸುಮಾರಿಗೆ ಏರು ಹತ್ತಿದರೆ ಉಸಿರು ಕಟ್ಟುವುದು, ಕಣ್ಣು ಕತ್ತಲಿಡುವುದು ಸುರುವಾಯಿತು. "ಕೆಲಸದ ಹೊತ್ತಿಗೇ ಬರ್ತದೆ ನೋಡು ಇವಳ ಸಂಕಟ" ಎಂದಳು ವೈನಿ. ಒಂದು ದಿನ ಅಂಕೋಲೆಯ ಮೀನುಪೇಟೆಯಲ್ಲಿ ಬುಟ್ಟಿ ಹೊತ್ತವಳು ಹಾಗೆಯೇ ಕುಸಿದಳು. ಪಕ್ಕದಲ್ಲಿ ಮೀನು ಮಾರುತ್ತಿದ್ದ ನೀತಾ ರಿಕ್ಷಾ ಕರೆದು ಆಸ್ಪತ್ರೆಗೆ ಸೇರಿಸಿದಳು. ಅಲ್ಲಿಂದ ಕಾರವಾರಕ್ಕೆ, ಹೃದಯದ ಡಾಕ್ಟರ ಬಳಿಗೆ ಕಳಿಸಿದರು. ನೀತಾ ಜೊತೆಗೇ ಹೋದಳು.

ಡಾಕ್ಟರು ಹೆಂಗಸು. ಎದೆಯ ಸ್ಕ್ಯಾನು ನೋಡಿ ಕೇಳಿದರು: "ಇದಕ್ಕೆ ಮುಂಚೆ ಯಾವಾಗ ಮಾಡಿಸಿದ್ದು?"

"ಏಳ್ನೇ ವರ್ಷಕ್ಕೆ."

ಡಾಕ್ಟರು ಸ್ಕ್ಯಾನಿನ ಪರದೆಯನ್ನು ಅವಳ ಕಡೆ ತಿರುಗಿಸಿದರು. ಎಸಳುಗಳು ಗಟ್ಟಿಯಾಗಿ ದಾರಿ ಕಿರಿದಾಗಿದೆ, ತಲೆ ತಿರುಗಿ ಬೀಳುವ ಹಂತಕ್ಕೆ ಬಂದ ಮೇಲೆ ಹಾಗೇ ಬಿಟ್ಟರೆ ಹೆಚ್ಚು ವರ್ಷ ಸಿಗುವುದಿಲ್ಲ ಎಂದರು. ಆಪರೇಶನ್ ಮಾಡಿ ಕವಾಟ ಬದಲಿಸಿದರೆ? "ನಿಮ್ಮ ವಯಸ್ಸಿನವರು ಎಷ್ಟೋ ವರ್ಷ ಚೆನ್ನಾಗಿ ಬದುಕುತ್ತಾರೆ. ಆದರೆ ಮಾತ್ರೆ, ತಪಾಸಣೆ ಎರಡನ್ನೂ ಕೊನೆಯವರೆಗೆ ಬಿಡುವಂತಿಲ್ಲ."

"ಮತ್ತೆ ಆವಾಗ, ಇಪ್ಪತ್ತರಲ್ಲಿ? ಮದ್ವೆ ಆಗ್ಲಕ್ಕಿತ್ತಾ ನಂಗೆ?"

"ಆಗಬಹುದಿತ್ತು. ಪರೀಕ್ಷೆ ಮಾಡಿಸಿಕೊಂಡು, ಎಲ್ಲ ಸರಿಯಿದ್ದರೆ ಮಕ್ಕಳೂ ಆಗಬಹುದಿತ್ತು. ಯಾಕೆ, ಯಾರೂ ಹೇಳಲಿಲ್ಲವೆ?"

ವೈಜಯಂತಿ ಅಳಲಿಲ್ಲ. ನೀತಾ ಹೆದರಿದ್ದು ಅದಕ್ಕೇ.

ಮನೆಯಲ್ಲಿ ಆಪರೇಶನ್ ಎಂಬ ಮಾತು ಬಿದ್ದದ್ದೇ ಮಾಬ್ಲೇಶ್ವರ ಎದ್ದು ನಿಂತ. "ಎದೆ ಸೀಳಿಸ್ಕೊಂಡು ಬದುಕ್ದವ್ರು ಯಾರಿದ್ರು? ನಾ ಸಹಿ ಮಾಡೂದಿಲ್ಲ."

"ನಿನ್ನ ಸಹಿ ಯಾರು ಕೇಳಿದ್ರು?"

"ಬಾಯಿ ಮುಚ್ಚು. ಇಷ್ಟು ವರ್ಷ ಅನ್ನ ಹಾಕಿದ್ದು ಯಾರು?"

"ಅನ್ನ ನೀ ಹಾಕಿದ್ದಲ್ಲ ದಾದಾ, ನಾ ಕೊಯ್ದ ಮೀನು ಹಾಕಿದ್ದು."

ಮೂಲೆಯಲ್ಲಿದ್ದ ಗಂಗೂ ಅಳತೊಡಗಿದಳು. "ನೀ ಉಳಿಯೂದಿಲ್ಲ ಅಂತೇ ತಿಳ್ಕಂಡಿದ್ದೆ ಮಗಾ. ಅದ್ಕೇ..."

"ಅದ್ಕೇ ಬದುಕೂಕೇ ಬಿಡ್ಲಿಲ್ಲ" ಎಂದು ವೈಜಯಂತಿ ಚೀಲಕ್ಕೆ ಬಟ್ಟೆ ತುಂಬಿದಳು.

ಮಂಗಳೂರಿನಲ್ಲಿ ಆಪರೇಶನ್ ಆಯಿತು. ಜೊತೆಗಿದ್ದವಳು ನೀತಾ ಒಬ್ಬಳೇ. ಲೋಹದ ಕವಾಟ ಕೂರಿಸಿದ್ದರು. ಸದ್ದಿಲ್ಲದ ಹೊತ್ತಿನಲ್ಲಿ ಅದು ಎದೆಯೊಳಗೆ ಟಿಕ್ ಟಿಕ್ ಅನ್ನುತ್ತಿತ್ತು. ರಕ್ತ ಹೆಪ್ಪುಗಟ್ಟದಂತೆ ದಿನವೂ ಮಾತ್ರೆ, ಆಗಾಗ ರಕ್ತ ಪರೀಕ್ಷೆ. ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ, ಕತ್ತಿಯ ಕೆಲಸ ಬೇಡ ಎಂದೂ ಹೇಳಿದರು. ಬಿಡುಗಡೆಯ ದಿನ ಡಾಕ್ಟರು ಇನ್ನೊಂದು ಮಾತು ಸೇರಿಸಿದರು: ಈ ದೋಷ ಕೆಲವು ಮನೆಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇರುತ್ತದೆ, ಒಡಹುಟ್ಟಿದವರನ್ನೂ ಒಮ್ಮೆ ಪರೀಕ್ಷೆ ಮಾಡಿಸಿ.

ಅವಳು ಚೆಂಡಿಯಾಕ್ಕೆ ಮರಳಲಿಲ್ಲ. ಕಾರವಾರದ ಹಬ್ಬುವಾಡದಲ್ಲಿ ಒಂದು ಕೋಣೆ ಹಿಡಿದು, ಚೇತರಿಸಿಕೊಂಡ ಮೇಲೆ ಒಣಮೀನು ಮಾರತೊಡಗಿದಳು. ವೈನಿ ಒಮ್ಮೆ ಬಂದು, "ಸಮಾ ಆಯ್ತಲ್ಲ, ಇನ್ನು ಮನೆಗೆ ಬಾ. ಅಲ್ಲಿ ಮೀನು ಕೊಯ್ಯೂಕೆ ಜನ ಇಲ್ಲ" ಎಂದಳು. ವೈಜಯಂತಿ ಬಾಗಿಲು ಮುಚ್ಚಿಕೊಂಡಳು.

ಒಡಹುಟ್ಟಿದವರ ಪರೀಕ್ಷೆಯ ಮಾತನ್ನು ಮಾತ್ರ ದಾದಾನಿಗೆ ಇನ್ನೂ ಹೇಳಿರಲಿಲ್ಲ. ಹೇಳದೆ ಬಿಟ್ಟರೆ? ಹಾಗೆ ಯೋಚಿಸಿದಾಗ ಅವಳಿಗೆ ಹಿತವಾಗಿಯೇ ಇತ್ತು. ಎಷ್ಟೋ ದಿನ ಆ ಹಿತದಲ್ಲೇ ಇದ್ದಳು. ಆದರೆ ಡಾಕ್ಟರ ಮಾತನ್ನು ನುಂಗಿ ಕುಳಿತರೆ ತಾನೂ ಆಯಿಯ ಹಾಗೇ ಆದೆನಲ್ಲ ಎಂದು ಒಂದು ಬೆಳಿಗ್ಗೆ ಹೊಳೆದು ಮೈ ಉರಿಯಿತು. ಅವತ್ತೇ ಕಾಲೊನಿಗೆ ಹೋಗಿ, ಒಳಗೆ ಕಾಲಿಡದೆ, ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಕೂಗಿದಳು: "ದಾದಾ, ನಿನ್ನ ಎದೆನೂ ತೋರ್ಸಬೇಕಂತೆ. ಹೇಳೂದು ಹೇಳಿದ್ದೆ. ತೋರ್ಸು, ಬಿಡು, ನಿನ್ನ ಮರ್ಜಿ."

ಮಾಬ್ಲೇಶ್ವರ ಬೈದು ಕಳಿಸಿದ. ಆದರೆ ಪೂರ್ಣಿಮಾ ಹಟ ಹಿಡಿದು ಅವನನ್ನು ಕರೆದೊಯ್ದಳು. ಅವನ ಕವಾಟಕ್ಕೂ ಎರಡೇ ಎಸಳು. ಬಿಗಿತ ಇನ್ನೂ ಅಲ್ಪಸ್ವಲ್ಪ. ಈಗ ಆಪರೇಶನ್ ಬೇಡ, ವರ್ಷಕ್ಕೊಮ್ಮೆ ತೋರಿಸಿದರೆ ಸಾಕು ಎಂದರಂತೆ. ಅಷ್ಟಕ್ಕೇ ಅವನು ದೋಣಿಗೆ ಹೋಗುವುದನ್ನು ಬಿಟ್ಟು ಹಾಸಿಗೆ ಹಿಡಿದ.

ಸುದ್ದಿ ಕೇಳಿ ವೈಜಯಂತಿ ಮತ್ತೆ ಹೋದಳು. ಈ ಸಲ ಒಳಗೇ ನುಗ್ಗಿದಳು. ಗೋಡೆಗೆ ಮುಖ ಮಾಡಿ ಮಲಗಿದ್ದ ಅಣ್ಣನನ್ನು ನೋಡಿ ಅವಳಿಗೆ ಕನಿಕರ ಬರಲಿಲ್ಲ. ಅದೇ ಎದೆ ಹೊತ್ತು ಅವನು ಕಡಲಿಗೆ ಹೋದ, ಮದುವೆಯಾದ, ಮಕ್ಕಳನ್ನು ಪಡೆದ. ಅವನ ಎದೆಗೆ ಯಾರೂ ಕಿವಿಯಿಟ್ಟು ಕೇಳಿರಲಿಲ್ಲ, ಅಷ್ಟೇ.

"ನಾ ಉಳೀತ್ನಾ ವೈಜಾ?" ಎಂದ ಅವನು ತಿರುಗದೆ.

"ಸಾಯೂಕೆ ಇನ್ನೂ ಬಹಳ ವರ್ಷ ಅದೆ. ಏಳು, ದೋಣಿ ನೋಡು."

ಈಗ ಇಬ್ಬರಿಗೂ ತಪಾಸಣೆ ಮಂಗಳೂರಿನಲ್ಲೇ. ಕಳೆದ ಸಲ ಒಂದೇ ದಿನ ಬಿತ್ತು. ಕಾರವಾರದಲ್ಲಿ ಬಸ್ಸು ಹತ್ತಿದ ವೈಜಯಂತಿ ಮುಂದಿನ ಸೀಟಿನಲ್ಲಿದ್ದಳು. ಚೆಂಡಿಯಾದಲ್ಲಿ ಹತ್ತಿದ ಮಾಬ್ಲೇಶ್ವರ ಅವಳ ಪಕ್ಕದ ಸೀಟು ಖಾಲಿಯಿದ್ದದ್ದನ್ನು ನೋಡಿ ಅಲ್ಲೇ ನಿಂತ. ಅವಳು ತನ್ನ ಚೀಲವನ್ನೆತ್ತಿ ಆ ಸೀಟಿನ ಮೇಲಿಟ್ಟಳು. ಅವನು ಹಿಂದಕ್ಕೆ ಹೋದ.

"ಅವ್ರು ನಿಮ್ಮ ಸಂಗ್ತಿಗೆ ಬಂದವ್ರಾ?" ಎಂದು ಕಂಡಕ್ಟರ್ ಕೇಳಿದ.

"ಅಲ್ಲ" ಎಂದಳು ಅವಳು. ಬಸ್ಸು ಅಂಕೋಲೆ ದಾಟಿದ ಮೇಲೆ ನೀರಿನ ಬಾಟಲಿ ತೆಗೆದು ಬೆಳಗಿನ ಮಾತ್ರೆ ನುಂಗಿದಳು.